ಎಂಜಿನ್ನಿಗೆ ಅಳೆದು ಉಣಿಸಿದ ಮೈಬಾಖ್

ಬೆನ್ನಿಗೆ ಕಟ್ಟಿಕೊಳ್ಳುವ ಪವರ್ ಸ್ಪ್ರೇಯರ್ ನಿಮ್ಮಲ್ಲಿದ್ದರೆ ಈ ಅನುಭವ ಹೊಸದಲ್ಲ. ಮಂಜು ಬಿದ್ದ ಬೆಳಗಿನಲ್ಲಿ ಚೋಕ್ ಹಾಕಿ ಹಗ್ಗ ಎಳೆಯುತ್ತೀರಿ. ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಮತ್ತೆ ಎಳೆಯುತ್ತೀರಿ. ಹತ್ತು ಸಲ ಎಳೆದರೂ ಅದು ಹತ್ತದಿದ್ದಾಗ ಮೆಕ್ಯಾನಿಕ್ ಬಳಿ ಒಯ್ಯುತ್ತೀರಿ. ಆತ ಮೊದಲು ಪ್ಲಗ್ ಬಿಚ್ಚಿ ನೋಡುತ್ತಾನೆ. ಅದು ಸರಿಯಿದ್ದರೆ ಎಂಜಿನ್ನಿನ ಮಗ್ಗುಲಲ್ಲಿರುವ, ಮುಷ್ಟಿಯಷ್ಟು ಗಾತ್ರದ ಲೋಹದ ಡಬ್ಬಿಗೆ ಕೈ ಹಾಕುತ್ತಾನೆ. ಅದೇ ಕಾರ್ಬುರೇಟರ್. ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸ, ಹಳೆಯ ಮೊಪೆಡ್, ಸೀಮೆಎಣ್ಣೆಯ ಪಂಪ್‌ಸೆಟ್, ಇವೆಲ್ಲಕ್ಕೂ ಅದು ಬೇಕು. (ನಿಮ್ಮ ಟ್ರಾಕ್ಟರ್, ಪವರ್ ಟಿಲ್ಲರ್‌ಗಳಲ್ಲಿ ಹುಡುಕಬೇಡಿ. ಡೀಸೆಲ್ ಎಂಜಿನ್ನಿನ ಏರ್ಪಾಡೇ ಬೇರೆ.)

ಪೆಟ್ರೋಲ್ ಎಂಜಿನ್ ಎಂದರೆ ಪೆಟ್ರೋಲ್ ಕುಡಿಯುವ ಯಂತ್ರ ಎಂದು ನಾವು ತಿಳಿಯುತ್ತೇವೆ. ಲೆಕ್ಕ ಹಾಕಿ ನೋಡಿದರೆ ಅದು ಗಾಳಿ ಕುಡಿಯುವ ಯಂತ್ರ. ಒಂದು ಲೀಟರ್ ಪೆಟ್ರೋಲ್ ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 9,000 ಲೀಟರ್ ಗಾಳಿ ಬೇಕು. 200 ಲೀಟರಿನ ಡ್ರಮ್ಮಿನಿಂದ ಅಳೆದರೆ 45 ಡ್ರಮ್ ಗಾಳಿ! ತೂಕದಲ್ಲಿ ಹೇಳುವುದಾದರೆ ಒಂದು ಕಿಲೋ ಪೆಟ್ರೋಲಿಗೆ ಸುಮಾರು 15 ಕಿಲೋ ಗಾಳಿ. ಪೆಟ್ರೋಲ್ ಇದಕ್ಕಿಂತ ಬಹಳ ಹೆಚ್ಚಾದರೆ ಕಪ್ಪು ಹೊಗೆ ಬರುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ, ಕಾಸು ಹೊಗೆಯಾಗಿ ಹೋಗುತ್ತದೆ. ಬಹಳ ಕಡಿಮೆಯಾದರೆ ಎಂಜಿನ್ ಸೀನುತ್ತದೆ, ಕಾಯುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ಈ ಅಳತೆಯನ್ನು ಸೆಕೆಂಡಿಗೆ ಹತ್ತಾರು ಬಾರಿ, ತಪ್ಪಿಲ್ಲದೆ, ಬೆಟ್ಟವಿರಲಿ ಬಯಲಿರಲಿ ನಡೆಸಬೇಕು. ಇದನ್ನು ಒಂದು ಸಣ್ಣ ಡಬ್ಬಿಯಿಂದ ಮಾಡಿಸಬಹುದು ಎಂದು ತೋರಿಸಿಕೊಟ್ಟವರಲ್ಲಿ ಮುಖ್ಯನಾದವನು ಜರ್ಮನಿಯ ವಿಲ್ಹೆಲ್ಮ್ ಮೈಬಾಖ್. ಆತನ ಹೆಸರು ಇಂದು ಕೋಟಿಗಟ್ಟಲೆ ಬೆಲೆಯ ಕಾರುಗಳ ಮೇಲಿದೆ. ಆದರೆ ಆತ ಹುಟ್ಟಿದ್ದು ಬಡಗಿಯ ಮನೆಯಲ್ಲಿ, ಬೆಳೆದದ್ದು ಅನಾಥಾಲಯದಲ್ಲಿ.

ಹತ್ತು ವರ್ಷಕ್ಕೇ ಅನಾಥ

1846ರ ಫೆಬ್ರವರಿ 9ರಂದು ದಕ್ಷಿಣ ಜರ್ಮನಿಯ ಹೈಲ್‌ಬ್ರಾನ್ ಎಂಬ ಊರಿನಲ್ಲಿ ವಿಲ್ಹೆಲ್ಮ್ ಹುಟ್ಟಿದ. ತಂದೆ ಮರಗೆಲಸದವನು. ಐವರು ಗಂಡುಮಕ್ಕಳ ಸಂಸಾರ ಹೊಟ್ಟೆಪಾಡಿಗಾಗಿ ಸ್ಟುಟ್‌ಗಾರ್ಟ್ ನಗರಕ್ಕೆ ಬಂದು ನೆಲೆಸಿತು. ಹುಡುಗನಿಗೆ ಎಂಟು ವರ್ಷವಾದಾಗ ತಾಯಿ ತೀರಿಕೊಂಡಳು. ಎರಡು ವರ್ಷ ಕಳೆಯುವಷ್ಟರಲ್ಲಿ, 1856ರಲ್ಲಿ, ತಂದೆ ನೀರಿನಲ್ಲಿ ಮುಳುಗಿ ಸತ್ತ. ಐವರು ಹುಡುಗರು ಬೀದಿಗೆ ಬಿದ್ದರು. ಆಗ ಸ್ಟುಟ್‌ಗಾರ್ಟಿನ ಪತ್ರಿಕೆಯೊಂದರಲ್ಲಿ ಆ ಮಕ್ಕಳಿಗೆ ನೆರವಾಗಬೇಕೆಂದು ಕೋರುವ ಪ್ರಕಟಣೆ ಬಂತು. ಅದರಿಂದಾಗಿ ವಿಲ್ಹೆಲ್ಮನಿಗೆ ರಾಯ್ಟ್‌ಲಿಂಗೆನ್ ಎಂಬ ಊರಿನ 'ಬ್ರೂಡರ್‌ಹೌಸ್' ಎಂಬ ಸಂಸ್ಥೆಯಲ್ಲಿ ಜಾಗ ಸಿಕ್ಕಿತು. ನಮ್ಮ ಮಾತಿನಲ್ಲಿ 'ಸೋದರರ ಮನೆ' ಎನ್ನಬಹುದು.

ಗುಸ್ತಾವ್ ವೆರ್ನರ್ ಎಂಬ ಪಾದ್ರಿ ನಡೆಸುತ್ತಿದ್ದ ಈ ಸಂಸ್ಥೆ ಬರೀ ಗಂಜಿ ಹಾಕುವ ಛತ್ರವಾಗಿರಲಿಲ್ಲ. ಅಲ್ಲಿ ಕಾರ್ಖಾನೆಗಳಿದ್ದವು, ಮಕ್ಕಳು ಕಸುಬು ಕಲಿತು ತಮ್ಮ ಕಾಲ ಮೇಲೆ ನಿಲ್ಲಬೇಕೆಂಬುದು ವೆರ್ನರನ ನಿಯಮ. ಈ ಹುಡುಗನ ಕೈಯಲ್ಲಿ ಚಿತ್ರ ಬರೆಯುವ ಗುಣವಿದೆ, ಯಂತ್ರದ ಮೇಲೆ ಆಸೆಯಿದೆ ಎಂಬುದನ್ನು ಆತ ಗಮನಿಸಿದ. ಹದಿನೈದನೆಯ ವಯಸ್ಸಿಗೆ ವಿಲ್ಹೆಲ್ಮನನ್ನು ಯಂತ್ರಗಳ ನಕ್ಷೆ ಬರೆಯುವ ವಿಭಾಗಕ್ಕೆ ಸೇರಿಸಿದ. ಸಂಜೆ ಊರಿನ ಶಾಲೆಗೆ ಹೋಗಿ ಭೌತಶಾಸ್ತ್ರ, ಚಿತ್ರ ರಚನೆ ಕಲಿಯಲು ಬಿಟ್ಟ. ಒಬ್ಬ ಅನಾಥ ಹುಡುಗನ ಕೈಯ ಗುಣವನ್ನು ಒಬ್ಬ ಪಾದ್ರಿ ಗುರುತಿಸದೆ ಹೋಗಿದ್ದರೆ ಮೋಟಾರಿನ ಇತಿಹಾಸ ಹೇಗಿರುತ್ತಿತ್ತೋ, ಹೇಳಲಾಗದು.

ಹತ್ತೊಂಬತ್ತು ವರ್ಷಕ್ಕೆಲ್ಲ ವಿಲ್ಹೆಲ್ಮ್ ಒಳ್ಳೆಯ ನಕ್ಷೆಗಾರನಾಗಿದ್ದ. ಅದೇ ಕಾಲಕ್ಕೆ ಬ್ರೂಡರ್‌ಹೌಸಿನ ಯಂತ್ರದ ಕಾರ್ಖಾನೆಗೆ ವ್ಯವಸ್ಥಾಪಕನಾಗಿದ್ದವನು ಗಾಟ್‌ಲೀಬ್ ಡೈಮ್ಲರ್. ವಿಲ್ಹೆಲ್ಮನಿಗಿಂತ ಹನ್ನೆರಡು ವರ್ಷ ಹಿರಿಯ. ಛಲದವನು, ಮುಂಗೋಪಿ, ದೊಡ್ಡ ಯೋಜನೆಗಳ ಮನುಷ್ಯ. ಕಿರಿಯವನೋ ಮಾತು ಕಡಿಮೆ, ಕೆಲಸ ಹೆಚ್ಚು. ಒಬ್ಬನಿಗೆ ಏನು ಬೇಕೆಂಬುದು ಗೊತ್ತಿತ್ತು, ಇನ್ನೊಬ್ಬನಿಗೆ ಅದನ್ನು ಹೇಗೆ ಮಾಡಬೇಕೆಂಬುದು. ಅಂದಿನಿಂದ ಡೈಮ್ಲರ್ ಸಾಯುವವರೆಗೆ ಸುಮಾರು 35 ವರ್ಷ ಈ ಜೋಡಿ ಬಿಡಲಿಲ್ಲ. 1869ರಲ್ಲಿ ಡೈಮ್ಲರ್ ಕಾರ್ಲ್ಸ್‌ರುಹೆಯ ಕಾರ್ಖಾನೆಗೆ ಹೋದಾಗ ಮೈಬಾಖ್ ಹಿಂದೆಯೇ ಹೋದ. 1872ರಲ್ಲಿ ಡೈಮ್ಲರ್ ಕಲೋನ್ ನಗರದ ಡಾಯ್ಟ್ಸ್ ಎಂಜಿನ್ ಕಾರ್ಖಾನೆ ಸೇರಿದ; ಮರುವರ್ಷದ ಆರಂಭದಲ್ಲೇ ಮೈಬಾಖ್ ಅಲ್ಲಿ ಮುಖ್ಯ ವಿನ್ಯಾಸಕಾರನಾದ.

ಆ ಕಾರ್ಖಾನೆಯ ನಿಕೊಲಾಸ್ ಆಟೊ 1876ರಲ್ಲಿ ನಾಲ್ಕು ಹೊಡೆತದ ಎಂಜಿನ್ ಮಾಡಿದ. ಒಳಗೆಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊರಹಾಕುವುದು: ನಿಮ್ಮ ಬೈಕಿನ ಎಂಜಿನ್ ಇಂದಿಗೂ ನಡೆಯುವುದು ಹೀಗೆಯೇ. ಅದನ್ನು ಕಾರ್ಖಾನೆಯಲ್ಲಿ ಸಾಲಾಗಿ ತಯಾರಿಸಲು ಆಗುವಂತೆ ತಿದ್ದಿ ಕೊಟ್ಟವನು ಮೈಬಾಖ್. ಆದರೆ ಅದು ಇದ್ದಲ್ಲೇ ಇರುವ ಭಾರಿ ಯಂತ್ರ. ನಿಮಿಷಕ್ಕೆ 150-180 ಸುತ್ತು, ಅದೂ ಕೊಳವೆಯಲ್ಲಿ ಬರುವ ಕಲ್ಲಿದ್ದಲಿನ ಅನಿಲ ಕುಡಿದು. ಅನಿಲದ ಕೊಳವೆ ಇಲ್ಲದ ಹಳ್ಳಿಗೆ, ಹೊಲಕ್ಕೆ ಅದರಿಂದ ಉಪಯೋಗವಿಲ್ಲ. ಎಂಜಿನ್ ತನ್ನ ಆಹಾರವನ್ನು ತಾನೇ ಹೊತ್ತು ತಿರುಗಬೇಕಾದರೆ ಅದಕ್ಕೆ ದ್ರವ ಇಂಧನ ಬೇಕು. ಆ ದ್ರವವನ್ನು ಗಾಳಿಯೊಡನೆ ಬೆರೆಸುವ ಉಪಾಯ ಬೇಕು.

ಗಾಜಿನ ಮನೆಯ ಗುಟ್ಟು

1882ರಲ್ಲಿ ಡೈಮ್ಲರ್ ಮೇಲಿನವರೊಡನೆ ಜಗಳವಾಡಿ ಕೆಲಸ ಬಿಟ್ಟು, ಸ್ಟುಟ್‌ಗಾರ್ಟಿನ ಪಕ್ಕದ ಕಾನ್‌ಸ್ಟಾಟ್‌ನಲ್ಲಿ ದೊಡ್ಡ ತೋಟದ ಮನೆ ಕೊಂಡ. ತೋಟದಲ್ಲಿ ಗಿಡ ಬೆಳೆಸುವ ಗಾಜಿನ ಮನೆಯೊಂದಿತ್ತು. ಅದನ್ನೇ ಕಾರ್ಯಾಗಾರ ಮಾಡಿಕೊಂಡರು. ಮೈಬಾಖ್ ಸಂಸಾರ ಸಮೇತ ಬಂದ. ಹಗಲೂ ರಾತ್ರಿ ಬಾಗಿಲು ಹಾಕಿಕೊಂಡು ಇಬ್ಬರೂ ಲೋಹ ಕುಟ್ಟುವ ಸದ್ದು ಕೇಳಿ ತೋಟದ ಮಾಲಿಗೆ ಅನುಮಾನ ಬಂತು. ಒಳಗೆ ಖೋಟಾ ನಾಣ್ಯ ಟಂಕಿಸುತ್ತಿದ್ದಾರೆಂದು ಆತ ಪೊಲೀಸರಿಗೆ ದೂರು ಕೊಟ್ಟ. ಪೊಲೀಸರು ಮಾಲಿಯಿಂದಲೇ ಬೀಗದ ಕೈ ಪಡೆದು ಒಳಹೊಕ್ಕು ನೋಡಿದರೆ ಅಲ್ಲಿದ್ದುದು ಎಂಜಿನ್ ಮಾತ್ರ!

ಅಲ್ಲಿ 1883ರ ಹೊತ್ತಿಗೆ ಹೊಸ ಬಗೆಯ ಎಂಜಿನ್ ಸಿದ್ಧವಾಯಿತು. ಚಿಕ್ಕದು, ಹಗುರ. ಕಾಯಿಸಿದ ಕೊಳವೆಯಿಂದ ಕಿಡಿಯ ಕೆಲಸ ಮಾಡಿಸುವ ಉಪಾಯದಿಂದ ಅದರ ವೇಗ ನಿಮಿಷಕ್ಕೆ 600 ಸುತ್ತು ಮೀರಿತು. 1885ರಲ್ಲಿ ಅದರದೇ ಇನ್ನೊಂದು ರೂಪವನ್ನು ಮರದ ದ್ವಿಚಕ್ರಿಗೆ ಕೂಡಿಸಿದರು. ಅರ್ಧ ಅಶ್ವಶಕ್ತಿಯ ಆ ಬಂಡಿ ಕಾನ್‌ಸ್ಟಾಟಿನಿಂದ ಮೂರು ಕಿಲೋಮೀಟರ್ ದೂರದ ಉಂಟರ್‌ಟ್ಯುರ್ಕ್‌ಹೈಮ್‌ಗೆ ಗಂಟೆಗೆ ಸುಮಾರು 12 ಕಿಲೋಮೀಟರ್ ವೇಗದಲ್ಲಿ ಓಡಿತು. ನಮ್ಮ ಮೋಟಾರ್ ಸೈಕಲ್ಲುಗಳಿಗೆಲ್ಲ ಅದು ಅಜ್ಜ. 1886ರಲ್ಲಿ ಕುದುರೆಗಾಡಿಗೆ ಎಂಜಿನ್ ಇಟ್ಟರು, ಆಮೇಲೆ ದೋಣಿಗೆ. 1888ರಲ್ಲಿ ಬೆಂಕಿ ನಂದಿಸುವ ನೀರಿನ ಪಂಪಿಗೂ ಕೂಡಿಸಿದರು. ಪಂಪಿಗೆ ಎಂಜಿನ್ ಕಟ್ಟುವ ನಮ್ಮ ರೈತರ ಪರಿಪಾಠ ಅಷ್ಟು ಹಳೆಯದು.

600 ಸುತ್ತು ಎಂದರೆ ಏನೆಂದು ಒಂದು ಕ್ಷಣ ಯೋಚಿಸಿ. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುತ್ತದೆ. ಅಂದರೆ ಸೆಕೆಂಡಿಗೆ ಐದು ತುತ್ತು. ಒಂದೊಂದು ತುತ್ತಿನಲ್ಲೂ ಪೆಟ್ರೋಲ್ ಮತ್ತು ಗಾಳಿಯ ಹದ ಒಂದೇ ಸಮನಾಗಿರಬೇಕು. ಅಂದು ಅವರು ಬಳಸಿದ್ದು 'ಮೇಲ್ಮೈ ಕಾರ್ಬುರೇಟರ್' ಎನ್ನುವ ಬಗೆ. ಡಬ್ಬಿಯಲ್ಲಿ ಪೆಟ್ರೋಲ್ ತುಂಬಿಸಿ, ಅದರ ಮೇಲೆ ಇಲ್ಲವೆ ಅದರೊಳಗೆ ಗುಳ್ಳೆಯಾಗಿ ಗಾಳಿ ಹಾಯಿಸುವುದು. ಗಾಳಿ ತನ್ನೊಡನೆ ಆವಿಯನ್ನು ಕೊಂಡೊಯ್ಯುತ್ತದೆ. ಪೆಟ್ರೋಲಿನ ಮಟ್ಟ ಇಳಿದಂತೆ ಗಾಳಿಯ ಕೊಳವೆಯೂ ಕೆಳಗಿಳಿಯುವಂತೆ ಮೈಬಾಖ್ ಅದಕ್ಕೊಂದು ತೇಲುವ ಬಿಲ್ಲೆ ಕಟ್ಟಿದ್ದ. ಜಾಣತನದ ಕೆಲಸವೇ ಸರಿ.

ಆದರೂ ತೊಂದರೆ ತಪ್ಪಲಿಲ್ಲ. ಹಗ್ಗದ ಮೇಲೆ ಹರವಿದ ಬಟ್ಟೆಯನ್ನು ನೆನೆಯಿರಿ. ಬೇಸಿಗೆಯ ಬಿಸಿಲಿನಲ್ಲಿ ಅರ್ಧ ಗಂಟೆಗೆ ಒಣಗುವ ಪಂಚೆ ಮಳೆಗಾಲದಲ್ಲಿ ಎರಡು ದಿನವಾದರೂ ಹಸಿಯಾಗಿಯೇ ಇರುತ್ತದೆ. ಪೆಟ್ರೋಲ್ ಆವಿಯಾಗುವುದೂ ಹಾಗೆಯೇ. ಬಿಸಿ ದಿನ ಹೆಚ್ಚು, ಚಳಿ ದಿನ ಕಡಿಮೆ. ಜೊತೆಗೆ ಆವಿಯಾಗುತ್ತ ಹೋದಂತೆ ಅದು ತಾನೇ ತಣ್ಣಗಾಗುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಪೆಟ್ರೋಲ್ ಎಂಬುದು ಒಂದೇ ವಸ್ತುವಲ್ಲ, ಹಲವು ಎಣ್ಣೆಗಳ ಬೆರಕೆ. ಬೇಗ ಆರುವ ಭಾಗ ಮೊದಲು ಹೋಗಿ, ಜಿಗುಟಾದ ಭಾಗ ತಳದಲ್ಲಿ ಉಳಿಯುತ್ತದೆ. ಹೊರಟಾಗ ಚೆನ್ನಾಗಿ ಓಡಿದ ಬಂಡಿ ಡಬ್ಬಿ ಅರ್ಧವಾಗುವಷ್ಟರಲ್ಲಿ ಸೊರಗುತ್ತದೆ. ಕಲ್ಲುದಾರಿಯಲ್ಲಿ ಕುಲುಕಿದರಂತೂ ಕೆಲವೊಮ್ಮೆ ಹೆಚ್ಚು ಪೆಟ್ರೋಲ್, ಕೆಲವೊಮ್ಮೆ ಬರೀ ಗಾಳಿ. ಅಷ್ಟು ಪೆಟ್ರೋಲಿನ ಮೇಲೆ ಆವಿ ತುಂಬಿ ನಿಂತಿರುವ ಡಬ್ಬಿ, ಪಕ್ಕದಲ್ಲೇ ಉರಿಯುವ ದೀಪ! ಇಂಥ ಯಂತ್ರವನ್ನು ನಂಬಿ ದೂರದ ಊರಿಗೆ ಹೊರಡುವುದು ಹೇಗೆ?

ಹೋಟೆಲಿನ ಹಜಾರದಲ್ಲಿ

ಇಷ್ಟರಲ್ಲಿ ದುಡ್ಡು ಹಾಕುವವರು ಬಂದರು. 1890ರ ನವೆಂಬರಿನಲ್ಲಿ ಡೈಮ್ಲರ್ ಹೆಸರಿನ ಕಂಪನಿ ಹುಟ್ಟಿತು. ಆದರೆ ಪಾಲುದಾರರಿಗೆ ಬೇಕಾದದ್ದು ಇದ್ದಲ್ಲೇ ನಿಲ್ಲುವ ಎಂಜಿನ್‌ಗಳ ಖಚಿತ ಲಾಭ. ಡೈಮ್ಲರನಿಗೆ ಬೇಕಾದದ್ದು ಓಡುವ ಗಾಡಿ. ಎಳೆದಾಟ ಶುರುವಾಯಿತು. ಮೈಬಾಖನಿಗೆ ಕೊಟ್ಟ ಕರಾರು ಅವನಿಗೆ ಒಪ್ಪಿಗೆಯಾಗಲಿಲ್ಲ. ಗಾಜಿನ ಮನೆಯಲ್ಲಿ ನಿದ್ದೆಗೆಟ್ಟು ಎಂಜಿನ್ ರೂಪಿಸಿದ ಮನುಷ್ಯ 1891ರ ಫೆಬ್ರವರಿಯಲ್ಲಿ ಕಂಪನಿಯಿಂದ ಹೊರಗೆ ಬಂದ. ಅದುವರೆಗಿನ ಪೇಟೆಂಟುಗಳಲ್ಲಿ ಹೆಚ್ಚಿನವು ಇದ್ದದ್ದು ಡೈಮ್ಲರನ ಹೆಸರಿನಲ್ಲಿ. ಮೈಬಾಖನ ಕೈಯಲ್ಲಿ ಉಳಿದದ್ದು ಅವನ ಪೆನ್ಸಿಲ್ ಮಾತ್ರ. ಇದು ಅನ್ಯಾಯವಲ್ಲವೆ ಎಂದು ನೀವು ಕೇಳಬಹುದು. ಅನ್ಯಾಯವೇ. ಆದರೆ ಆತ ಡೈಮ್ಲರನ ಮೇಲೆ ಮುನಿಸಿಕೊಂಡು ದೂರ ಹೋಗಲಿಲ್ಲ.

ಡೈಮ್ಲರನೂ ಆತನನ್ನು ಕೈಬಿಡಲಿಲ್ಲ. ಮೊದಲು ಮೈಬಾಖನ ಮನೆಯಲ್ಲಿ, ಆಮೇಲೆ 1892ರ ಶರತ್ಕಾಲದಿಂದ ಕಾನ್‌ಸ್ಟಾಟಿನಲ್ಲಿ ಮುಚ್ಚಿಹೋಗಿದ್ದ 'ಹರ್ಮನ್' ಎಂಬ ಹೋಟೆಲಿನ ದೊಡ್ಡ ಹಜಾರದಲ್ಲಿ ಆತನಿಗೆ ಸ್ವತಂತ್ರ ಕಾರ್ಯಾಗಾರ ಮಾಡಿಕೊಟ್ಟ. ಖರ್ಚು ಡೈಮ್ಲರನದು. ಹನ್ನೆರಡು ಮಂದಿ ಕೆಲಸಗಾರರು, ಕಸುಬು ಕಲಿಯುವ ಐವರು ಹುಡುಗರು. ಜನ ಕುಣಿದು ಊಟ ಮಾಡಿ ಹೋಗುತ್ತಿದ್ದ ಆ ಹಜಾರದಲ್ಲಿ ಮೈಬಾಖ್ ತನ್ನ ಬದುಕಿನ ಅತಿ ಒಳ್ಳೆಯ ಕೆಲಸ ಮಾಡಿದನೆಂದೇ ನನ್ನ ಅಭಿಪ್ರಾಯ. 'ಫೀನಿಕ್ಸ್' ಎಂಬ ಎಂಜಿನ್ ಅಲ್ಲಿ ರೂಪುಗೊಂಡಿತು. ಅದರ ಜೊತೆಗೆ ಹೊಸ ಬಗೆಯ ಕಾರ್ಬುರೇಟರ್.

ಅದರ ತತ್ವ ನಿಮಗೆ ಆಗಲೇ ಗೊತ್ತಿದೆ. ತಿಗಣೆ, ಸೊಳ್ಳೆಗೆ ಔಷಧಿ ಹೊಡೆಯುವ ಹಳೆಯ ಫ್ಲಿಟ್ ಪಂಪನ್ನು ನೆನಪು ಮಾಡಿಕೊಳ್ಳಿ. ಹಿಡಿ ಒತ್ತಿದರೆ ಗಾಳಿ ರಭಸವಾಗಿ ನುಗ್ಗುತ್ತದೆ. ಔಷಧಿಯ ಡಬ್ಬಿಯಿಂದ ಮೇಲೆ ಬಂದ ಸಣ್ಣ ಕೊಳವೆಯ ಬಾಯಿಯ ಮೇಲೆ ಆ ಗಾಳಿ ಹಾಯುತ್ತದೆ. ಗಾಳಿ ರಭಸವಾಗಿ ಹಾಯುವಲ್ಲಿ ಒತ್ತಡ ಕಡಿಮೆಯಾಗಿ ಔಷಧಿ ತಾನಾಗಿ ಮೇಲೆದ್ದು, ಮಂಜಿನಂತೆ ಒಡೆದು ಹಾರುತ್ತದೆ. ಮೈಬಾಖ್ ಪೆಟ್ರೋಲಿಗೆ ಮಾಡಿದ್ದೂ ಇದನ್ನೇ. ಆದರೆ ಹಿಡಿ ಒತ್ತುವವರು ಯಾರು? ಎಂಜಿನ್ನಿನ ಪಿಸ್ಟನ್ನೇ. ಅದು ಕೆಳಗಿಳಿದಾಗ ಸಿಲಿಂಡರಿನೊಳಗೆ ಗಾಳಿಯ ಸೆಳೆತ ಉಂಟಾಗುತ್ತದೆ. ಆ ಗಾಳಿ ಪೆಟ್ರೋಲಿನ ಸಣ್ಣ ತೂತಿನ ಬಳಿ ಹಾಯ್ದು ಬರುವಂತೆ ದಾರಿ ಮಾಡಿದರೆ ಸಾಕು. ಎಂಜಿನ್ ಜೋರಾಗಿ ಎಳೆದರೆ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್. ಮೆಲ್ಲಗೆ ಎಳೆದರೆ ಎರಡೂ ಕಡಿಮೆ. ಬಡಿಸುವವನು ಬೇರೆ ಬೇಡ, ಉಣ್ಣುವವನೇ ಅಳೆದುಕೊಳ್ಳುತ್ತಾನೆ. ಬೆರಕೆಯ ಹಗುರ ಭಾಗ, ಜಿಗುಟು ಭಾಗ ಎಲ್ಲವೂ ಒಟ್ಟಿಗೇ ಸಿಡಿಯುವುದರಿಂದ ತಳದಲ್ಲಿ ಏನೂ ಉಳಿಯುವುದಿಲ್ಲ.

ಇದಕ್ಕೆ ಇನ್ನೊಂದು ಭಾಗ ಅಷ್ಟೇ ಮುಖ್ಯ. ತೂತಿನ ಬಾಯಿಯ ಬಳಿ ಪೆಟ್ರೋಲಿನ ಮಟ್ಟ ಸದಾ ಒಂದೇ ಸಮ ಇರಬೇಕು, ಬಾಯಿಗಿಂತ ಕೂದಲೆಳೆಯಷ್ಟು ಕೆಳಗೆ. ಹೆಚ್ಚಾದರೆ ಎಂಜಿನ್ ನಿಂತಾಗಲೂ ಸೋರುತ್ತದೆ, ಕಡಿಮೆಯಾದರೆ ಮೇಲೇಳುವುದಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ತುಂಬಿರಲಿ, ತಳ ಕಂಡಿರಲಿ, ಇಲ್ಲಿ ಮಟ್ಟ ಬದಲಾಗಬಾರದು. ನಿಮ್ಮ ಮನೆಯ ನೀರಿನ ತೊಟ್ಟಿಗೆ ಬಾಲ್ ಕಾಕ್ ಹಾಕಿಸಿದ್ದೀರಲ್ಲ, ಅದೇ ಉಪಾಯ. ತೇಲುವ ಗುಂಡು ಮೇಲೇರಿದಾಗ ಸೂಜಿಯೊಂದು ದಾರಿ ಮುಚ್ಚುತ್ತದೆ, ಇಳಿದಾಗ ತೆರೆಯುತ್ತದೆ. ಹೀಗೆ ಎಂಜಿನ್ನಿನ ಬಳಿ ಯಾವಾಗಲೂ ಇರುವುದು ಬೊಗಸೆಗೂ ಕಡಿಮೆ ಪೆಟ್ರೋಲ್. ಬೆಂಕಿಯ ಭಯವೂ ಕಡಿಮೆಯಾಯಿತು.

1893ರಲ್ಲಿ ಇದಕ್ಕೆ ಪೇಟೆಂಟ್ ಆಯಿತು. ಇಲ್ಲಿ ಒಂದು ಮಾತು ಹೇಳಲೇಬೇಕು. ಅದೇ ವರ್ಷದ ಫೆಬ್ರವರಿಯಲ್ಲಿ, ಅಂದರೆ ಕೆಲವು ತಿಂಗಳು ಮೊದಲೇ, ಹಂಗೇರಿಯ ದೊನಾತ್ ಬಾಂಕಿ ಮತ್ತು ಯಾನೋಶ್ ಚೋಂಕ ಎಂಬಿಬ್ಬರು ಇಂಥದೇ ಕಾರ್ಬುರೇಟರಿಗೆ ಪೇಟೆಂಟ್ ಕೋರಿದ್ದರು. ಹೂ ಮಾರುವ ಹುಡುಗಿಯೊಬ್ಬಳು ಕೊಳವೆ ಊದಿ ಹೂವಿಗೆ ನೀರು ಚಿಮುಕಿಸುವುದನ್ನು ಕಂಡು ಅವರಿಗೆ ಅದು ಹೊಳೆಯಿತೆಂಬ ಕಥೆ ಆ ದೇಶದಲ್ಲಿ ಪ್ರಚಲಿತ. ಮೊದಲಿಗನೆಂಬ ಬಿರುದನ್ನು ಮೈಬಾಖನಿಗೊಬ್ಬನಿಗೇ ಕೊಡುವುದು ಸರಿಯಲ್ಲ. ಆದರೆ ಅದನ್ನು ರಸ್ತೆಯ ಮೇಲೆ ಓಡಿಸಿ, ದೇಶದೇಶಕ್ಕೆ ಹಬ್ಬಿಸಿದ ಯಶಸ್ಸು ಫೀನಿಕ್ಸ್ ಎಂಜಿನ್ನಿನದು. 1895ರಲ್ಲಿ ಪ್ಯಾರಿಸಿನಿಂದ ಬೋರ್ಡೋಗೆ ಹೋಗಿ ಬರುವ ಸುಮಾರು 1,180 ಕಿಲೋಮೀಟರ್ ಪಂದ್ಯದಲ್ಲಿ ಫ್ರಾನ್ಸಿನ ಎಮಿಲ್ ಲೆವಸ್ಸೋರ್ ಫೀನಿಕ್ಸ್ ಎಂಜಿನ್ನಿನ ಗಾಡಿಯನ್ನು ಹೆಚ್ಚುಕಡಿಮೆ ಎರಡು ಹಗಲು ಎರಡು ರಾತ್ರಿ ಒಬ್ಬನೇ ನಡೆಸಿ ಎಲ್ಲರಿಗಿಂತ ಮೊದಲು ಬಂದ.

ಹಾಗೆಂದು ಆ ಕಾರ್ಬುರೇಟರಿನಲ್ಲಿ ಕೊರತೆ ಇರಲಿಲ್ಲವೆಂದಲ್ಲ. ವೇಗ ಏರಿದಂತೆ ಗಾಳಿ ಹೆಚ್ಚುವುದಕ್ಕಿಂತ ಪೆಟ್ರೋಲ್ ಹೆಚ್ಚುವುದೇ ಜಾಸ್ತಿಯಾಗಿ ಹದ ಕೆಡುತ್ತಿತ್ತು. 1902ರಲ್ಲಿ ಫ್ರಾನ್ಸಿನ ಆರ್ಥರ್ ಕ್ರೆಬ್ಸ್ ವೇಗಕ್ಕೆ ತಕ್ಕಂತೆ ಹೆಚ್ಚಿನ ಗಾಳಿ ಬಿಡುವ ಬಾಗಿಲೊಂದನ್ನು ಸೇರಿಸಿ ಇದಕ್ಕೆ ಪರಿಹಾರ ಕಂಡ. ಮುಂದೆ ಬಂದವರು ಇನ್ನೂ ಎಷ್ಟೋ ತಿದ್ದಿದರು. ಗಾಳಿಯ ದಾರಿಯನ್ನು ನಡುವೆ ಕಿರಿದು ಮಾಡುವುದು ಅದರಲ್ಲೊಂದು; ಕಾಲುವೆ ಕಿರಿದಾದಲ್ಲಿ ನೀರು ಹೇಗೆ ರಭಸ ಪಡೆಯುತ್ತದೋ ಹಾಗೆ ಅಲ್ಲಿ ಗಾಳಿ ರಭಸ ಪಡೆಯುತ್ತದೆ, ಸೆಳೆತ ಹೆಚ್ಚುತ್ತದೆ. ಆದರೆ ಫ್ಲೋಟ್, ಸೂಜಿ, ಜೆಟ್ ಎಂಬ ಮೂರು ಮುಖ್ಯ ಅಂಗಗಳು ಹರ್ಮನ್ ಹೋಟೆಲಿನಲ್ಲಿ ಇದ್ದಂತೆಯೇ ಬಹುಕಾಲ ನಡೆದುಬಂದವು. ಹಳೆಯ ಮೊಪೆಡ್ಡಿನ ಕಾರ್ಬುರೇಟರ್ ಬಿಚ್ಚಿದರೆ ಈ ಮೂರೂ ಕೈಗೆ ಸಿಗುತ್ತವೆ.

ಇಷ್ಟು ಹೇಳಿದ ಮೇಲೆ ನಿಮ್ಮ ಯಂತ್ರದ ರೋಗಗಳು ನಿಮಗೇ ಅರ್ಥವಾಗುತ್ತವೆ. ಚೋಕ್ ಎಂದರೆ ಗಾಳಿಯ ದಾರಿ ಮುಚ್ಚುವ ತಗಡು. ಗಾಳಿ ಕಡಿಮೆಯಾಗಿ ಸೆಳೆತವೆಲ್ಲ ಜೆಟ್ಟಿನ ಮೇಲೆ ಬೀಳುತ್ತದೆ, ಪೆಟ್ರೋಲ್ ಹೆಚ್ಚು ಬರುತ್ತದೆ. ತಣ್ಣಗಿನ ಎಂಜಿನ್ನಿಗೆ ಅದು ಬೇಕು, ಕಾದ ಮೇಲೆ ಬೇಡ. ಒಕ್ಕಣೆಯ ಕಣದಲ್ಲಿ, ಕಳೆ ಕತ್ತರಿಸುವಲ್ಲಿ ಏರ್ ಫಿಲ್ಟರಿಗೆ ಧೂಳು ಕಟ್ಟಿದರೆ ಅದೂ ಹಾಕಿಟ್ಟ ಚೋಕಿನಂತೆಯೇ: ಕಪ್ಪು ಹೊಗೆ, ಪೆಟ್ರೋಲ್ ನಷ್ಟ. ಫ್ಲೋಟ್ ಇರುವ ಕಾರ್ಬುರೇಟರಿನಲ್ಲಿ ಸೂಜಿಯ ಬಾಯಿಗೆ ಕಸ ಸಿಕ್ಕಿದರೆ ದಾರಿ ಮುಚ್ಚದೆ ಪೆಟ್ರೋಲ್ ಹೊರಚೆಲ್ಲುತ್ತದೆ. ಜೆಟ್ ಕಟ್ಟಿಕೊಂಡರೆ ಎಂಜಿನ್ ಹಸಿದು ಸಾಯುತ್ತದೆ. ಆಗ ಕೆಲವರು ತಂತಿಯಿಂದ ಚುಚ್ಚಿ ತೂತು ಬಿಡಿಸುತ್ತಾರೆ. ಇದು ಕೂಡದು. ಕೂದಲೆಳೆಯಷ್ಟು ತೂತು ಹಿಗ್ಗಿದರೂ ಅಳತೆ ಕೆಟ್ಟು, ಆಮೇಲೆ ಯಾವ ಸ್ಕ್ರೂ ತಿರುಗಿಸಿದರೂ ಸರಿಹೋಗುವುದಿಲ್ಲ. ಪೆಟ್ರೋಲಿನಲ್ಲಿ ತೊಳೆದು ಗಾಳಿ ಊದಿದರೆ ಸಾಕು. ಹಂಗಾಮು ಮುಗಿದು ಯಂತ್ರವನ್ನು ಅಟ್ಟಕ್ಕೆ ಹಾಕುವ ಮುನ್ನ ಟ್ಯಾಂಕಿನ ಪೆಟ್ರೋಲ್ ಬಸಿದು, ನಿಲ್ಲುವವರೆಗೆ ಎಂಜಿನ್ ಓಡಿಸಿಡಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತಿರುವುದರಿಂದ ಅದು ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತರೆ ಡಬ್ಬಿಯೊಳಗೆ ತುಕ್ಕು, ಅಂಟು ಎರಡೂ ಸೇರುತ್ತವೆ.

ಹೆಸರು ಬೇರೆಯವರದು

ಮತ್ತೆ ಕಥೆಗೆ ಬರೋಣ. ಮೈಬಾಖ್ ಇಲ್ಲದ, ಡೈಮ್ಲರನನ್ನೂ ಹೊರಗಟ್ಟಿದ ಕಂಪನಿ ಸೊರಗತೊಡಗಿತು. ಇಂಗ್ಲೆಂಡಿನ ವ್ಯಾಪಾರಿ ಫ್ರೆಡರಿಕ್ ಸಿಮ್ಸ್ ಪರವಾನಗಿಗಾಗಿ 3,50,000 ಮಾರ್ಕ್ ಕೊಡಲು ಮುಂದೆ ಬಂದ. ಆದರೆ ಡೈಮ್ಲರನನ್ನು ವಾಪಸು ಕರೆಸಬೇಕೆಂಬ ಷರತ್ತು ಹಾಕಿದ. 1895ರ ನವೆಂಬರಿನಲ್ಲಿ ಡೈಮ್ಲರ್ ಮರಳಿದ, ಜೊತೆಗೆ ಮೈಬಾಖನೂ, ಈ ಸಲ ತಾಂತ್ರಿಕ ನಿರ್ದೇಶಕನಾಗಿ. ಒಂಬತ್ತು ವರ್ಷದ ಹಿಂದೆ ಗಾಜಿನ ಮನೆಯಿಂದ ಹೊರಟ ಕುದುರೆಗಾಡಿ ಈಗ ನಿಜವಾದ ಮೋಟಾರ್ ಆಗುವ ಹಂತಕ್ಕೆ ಬಂದಿತ್ತು.

1900ರ ಮಾರ್ಚ್ 6ರಂದು ಡೈಮ್ಲರ್ ತೀರಿಕೊಂಡ. ಅದೇ ವರ್ಷ ಎಮಿಲ್ ಯೆಲಿನೆಕ್ ಎಂಬ ಶ್ರೀಮಂತ ವ್ಯಾಪಾರಿ ಹೊಸ ಬಗೆಯ ಕಾರು ಬೇಕೆಂದು ಹಟ ಹಿಡಿದು, ಒಂದೇ ಏಟಿಗೆ 36 ಕಾರುಗಳಿಗೆ ಬೇಡಿಕೆ ಕೊಟ್ಟ. ಅವನ್ನು ತನ್ನ ಪುಟ್ಟ ಮಗಳ ಹೆಸರಿನಿಂದ ಕರೆಯಬೇಕೆಂದ. ಆ ಹುಡುಗಿಯ ಹೆಸರು ಮರ್ಸಿಡಿಸ್. ಆ ಕಾರನ್ನು ರೂಪಿಸಿದವನು ಮೈಬಾಖ್. ನಾಲ್ಕು ಸಿಲಿಂಡರ್, 35 ಅಶ್ವಶಕ್ತಿ, ಎರಡೆರಡು ಸಿಲಿಂಡರಿಗೆ ಒಂದೊಂದು ಕಾರ್ಬುರೇಟರ್. ಎಂಜಿನ್ ತಣಿಸಲು ಆತ ಮಾಡಿದ ರೇಡಿಯೇಟರಿನಲ್ಲಿ ಜೇನುಹಟ್ಟಿಯಂತೆ 8,070 ಪುಟ್ಟ ಚೌಕ ಕೊಳವೆಗಳಿದ್ದವು. ಕಿಡಿ ಹೊತ್ತಿಸುವ ಮ್ಯಾಗ್ನೆಟೊ ಸ್ಟುಟ್‌ಗಾರ್ಟಿನವನೇ ಆದ ರಾಬರ್ಟ್ ಬಾಷ್ ಮಾಡಿದ್ದು. (1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೊ ಕಾರ್ಖಾನೆಯ ಮೂಲ ಇದೇ ಬಾಷ್ ಸಂಸ್ಥೆ.) 1901ರ ಮಾರ್ಚಿನಲ್ಲಿ ಫ್ರಾನ್ಸಿನ ನೀಸ್ ನಗರದ ಪಂದ್ಯಗಳಲ್ಲಿ ಈ ಕಾರು ಉಳಿದವನ್ನೆಲ್ಲ ಹಿಂದೆ ಹಾಕಿತು. ಫ್ರಾನ್ಸಿನವರು ಮೈಬಾಖನನ್ನು ವಿನ್ಯಾಸಕಾರರ ರಾಜನೆಂದು ಕರೆದರು. ಕಾರಿನ ಮೇಲಿದ್ದ ಹೆಸರು ಮಾತ್ರ ಗಿರಾಕಿಯ ಮಗಳದು, ಕಂಪನಿಯ ಹೆಸರು ಗೆಳೆಯನದು.

ಬೆಂಬಲಕ್ಕಿದ್ದ ಗೆಳೆಯ ಹೋದ ಮೇಲೆ ಕಂಪನಿಯಲ್ಲಿ ಮೈಬಾಖನ ಮಾತು ನಡೆಯದಾಯಿತು. ಕ್ರಮೇಣ ಆತನನ್ನು ಮುಖ್ಯ ಕೆಲಸದಿಂದ ಸರಿಸಿ ಒಂದು ಮೂಲೆಯ ಕಚೇರಿಗೆ ಕೂರಿಸಿದರು. 1907ರಲ್ಲಿ, ತನ್ನ ಅರವತ್ತೊಂದನೆಯ ವಯಸ್ಸಿನಲ್ಲಿ, ಆತ ಎರಡನೆಯ ಬಾರಿ ಹೊರನಡೆದ.

ಬೇರೆ ಯಾರಾದರೂ ಆಗಿದ್ದರೆ ಮನೆಯಲ್ಲಿ ಕುಳಿತು ಹಳೆಯದನ್ನು ಹಲುಬುತ್ತಿದ್ದರೇನೋ. 1908ರ ಆಗಸ್ಟ್ 5ರಂದು ಕೌಂಟ್ ಜೆಪ್ಪಲಿನ್ನನ ದೊಡ್ಡ ವಾಯುನೌಕೆ ಎಂಜಿನ್ ಕೆಟ್ಟು ಸ್ಟುಟ್‌ಗಾರ್ಟಿನ ಬಳಿಯ ಎಖ್ಟರ್‌ಡಿಂಗೆನ್ ಎಂಬಲ್ಲಿ ಇಳಿಯಿತು. ಆಮೇಲೆ ಬಿರುಗಾಳಿಗೆ ಸಿಕ್ಕು ಸುಟ್ಟುಹೋಯಿತು. ವಾಯುನೌಕೆಗೆ ನಂಬಿಕೆಯ ಎಂಜಿನ್ ಬೇಕೆಂಬುದು ಎಲ್ಲರಿಗೂ ಅರಿವಾಯಿತು. ಮೈಬಾಖನ ಮಗ ಕಾರ್ಲ್ ಆಗ ಮೂವತ್ತರ ಹತ್ತಿರದ ಎಂಜಿನಿಯರ್. ತಂದೆ ಮಗನ ಪರವಾಗಿ ಜೆಪ್ಪಲಿನ್ನನಿಗೆ ಕಾಗದ ಬರೆದ. 1909ರಲ್ಲಿ ವಾಯುನೌಕೆಯ ಎಂಜಿನ್ ಮಾಡುವ ಕಂಪನಿ ಹುಟ್ಟಿತು. ಕಾರ್ಲ್ ಅದರ ಮುಖ್ಯಸ್ಥನಾದ. ಮುದುಕ ಸಲಹೆಗಾರನಾಗಿ ನಿಂತ. ಜಲಜನಕ ತುಂಬಿದ ಚೀಲದ ಕೆಳಗೆ ಎಂಜಿನ್ ಓಡಿಸುವುದೆಂದರೆ ಹುಲ್ಲಿನ ಬಣವೆಯ ಪಕ್ಕದಲ್ಲಿ ಒಲೆ ಹಚ್ಚಿದಂತೆ. ಆದ್ದರಿಂದ ಫ್ಲೋಟ್ ಇಲ್ಲದ, ವಾಲಿದರೂ ಪೆಟ್ರೋಲ್ ಚೆಲ್ಲದ, ಬೆಂಕಿಯ ಅಪಾಯ ಕಡಿಮೆಯಾದ ಬೇರೆ ಬಗೆಯ ಕಾರ್ಬುರೇಟರನ್ನು ಕಾರ್ಲ್ ರೂಪಿಸಿದ. ತಂದೆ ಫ್ಲೋಟ್ ಕೂಡಿಸಿದ, ಮಗ ತೆಗೆದ. ಇಂದು ಮರ ಕೊಯ್ಯುವ ಗರಗಸವನ್ನು ತಲೆಕೆಳಗು ಹಿಡಿದರೂ ಓಡುತ್ತದಲ್ಲ, ಅದರಲ್ಲಿಯೂ ಫ್ಲೋಟ್ ಇಲ್ಲ. ಅದರ ಬದಲು ತೆಳುವಾದ ಪೊರೆಯೊಂದು ಸೂಜಿಯನ್ನು ಆಡಿಸುತ್ತದೆ.

ಮೈಬಾಖ್ ಎಂಬ ಹೆಸರು ಕೊನೆಗೂ ಕಾರ್ಖಾನೆಯ ಬಾಗಿಲ ಮೇಲೆ ಬಂದದ್ದು 1918ರಲ್ಲಿ, ಆತನಿಗೆ 72 ವರ್ಷವಾಗಿದ್ದಾಗ. ಅದಕ್ಕೆ ಎರಡು ವರ್ಷ ಮೊದಲು ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಲಯ ಆತನಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಕಾಲೇಜಿನ ಮೆಟ್ಟಿಲು ಹತ್ತದೆ, ಸಂಜೆ ಶಾಲೆಯಲ್ಲಿ ಕಲಿತ ಮನುಷ್ಯನಿಗೆ! 1921ರಲ್ಲಿ ಮಗ ಮೈಬಾಖ್ ಹೆಸರಿನ ಕಾರುಗಳನ್ನೂ ಹೊರತಂದ.

ಈಗ ಕಾರ್ಬುರೇಟರಿನ ಕಾಲ ರಸ್ತೆಯಲ್ಲಿ ಹೆಚ್ಚುಕಡಿಮೆ ಮುಗಿಯುತ್ತ ಬಂದಿದೆ. ನಮ್ಮ ದೇಶದಲ್ಲಿ 2020ರ ಏಪ್ರಿಲಿನಿಂದ ಹೊಗೆಯ ನಿಯಮ ಬಿಗಿಯಾದ ಮೇಲೆ ಬಂದ ಹೊಸ ಬೈಕು, ಸ್ಕೂಟರುಗಳಲ್ಲಿ ಬಹುಪಾಲಿನಲ್ಲಿ ಪೆಟ್ರೋಲನ್ನು ಅಳೆದು ಸಿಡಿಸುವುದು ವಿದ್ಯುತ್ತಿನ ಏರ್ಪಾಡು. ಸ್ಪ್ರೇಯರ್, ಗರಗಸ, ಕಳೆ ಯಂತ್ರಗಳಲ್ಲಿ ಮಾತ್ರ ಹಳೆಯ ಡಬ್ಬಿ ಇನ್ನೂ ದುಡಿಯುತ್ತಿದೆ. ಅದು ಅಗ್ಗ, ಬ್ಯಾಟರಿ ಬೇಡ, ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಸರಿಮಾಡಬಲ್ಲ.

1929ರ ಆಗಸ್ಟಿನಲ್ಲಿ 'ಗ್ರಾಫ್ ಜೆಪ್ಪಲಿನ್' ಎಂಬ ವಾಯುನೌಕೆ ಐದು ಮೈಬಾಖ್ ಎಂಜಿನ್‌ಗಳ ಬಲದಿಂದ ಮೂರು ವಾರಗಳಲ್ಲಿ ಭೂಮಿಯನ್ನು ಸುತ್ತಿ ಬಂತು. ವಿಲ್ಹೆಲ್ಮ್ ಮೈಬಾಖ್ ಆಗ 83 ವರ್ಷದ ಮುದುಕ. ಅದೇ ವರ್ಷದ ಡಿಸೆಂಬರ್ 29ರಂದು ಆತ ಕಣ್ಣು ಮುಚ್ಚಿದ. ಗಾಜಿನ ಮನೆಯಿದ್ದ ಕಾನ್‌ಸ್ಟಾಟಿನ ಉಫ್ ಸ್ಮಶಾನದಲ್ಲಿ ಆತನ ಸಮಾಧಿಯಿದೆ. ಡೈಮ್ಲರನನ್ನು ಮಣ್ಣು ಮಾಡಿದ್ದೂ ಅಲ್ಲಿಯೇ.